ತೇಗದ ದಿಮ್ಮಿಗಳ ಸಾಂಪ್ರದಾಯಿಕ ಸಾಗಣೆ

ಲಾರಿ, ಕ್ರೇನುಗಳು ಬಳಕೆಗೆ ಬರುವ ಮೊದಲು ತೇಗದ ನಾಟಾವನ್ನು ಕಾಡಿನಿಂದ ಮಾರುಕಟ್ಟೆಗೆ ತಲುಪಿಸಲು ಆನೆ, ಎತ್ತು, ಕೋಣ ಮತ್ತು ನದಿಯ ಪ್ರವಾಹವನ್ನು ಅವಲಂಬಿಸಲಾಗುತ್ತಿತ್ತು. ಬರ್ಮಾ (ಇಂದಿನ ಮ್ಯಾನ್ಮಾರ್) ಹಾಗೂ ಮಲಬಾರ್ ಪ್ರದೇಶಗಳು ಈ ಪದ್ಧತಿಗೆ ಪ್ರಸಿದ್ಧವಾಗಿದ್ದವು.

ಒಣಗಿಸುವಿಕೆ

ಹಸಿ ತೇಗವು ಭಾರವಾಗಿದ್ದು ನೀರಿನಲ್ಲಿ ಸುಲಭವಾಗಿ ತೇಲುವುದಿಲ್ಲ. ಆದ್ದರಿಂದ ಬರ್ಮಾದಲ್ಲಿ ಮರವನ್ನು ಕಡಿಯುವ ಮೊದಲೇ ಅದರ ಬುಡದ ಸುತ್ತ ತೊಗಟೆಯನ್ನೂ ಹೊರಭಾಗದ ಬಿಳಿ ಕಟ್ಟಿಗೆಯನ್ನೂ ಚೇಗಿನವರೆಗೆ ಉಂಗುರಾಕಾರದಲ್ಲಿ ಕಡಿದು ಬಿಡುತ್ತಿದ್ದರು. ಬೇರಿನಿಂದ ಮೇಲೇರುವ ನೀರು ನಿಂತು, ಮರವು ಸುಮಾರು 2ರಿಂದ 3 ವರ್ಷಗಳಲ್ಲಿ ನಿಂತಲ್ಲೇ ಒಣಗಿ ಹಗುರವಾಗುತ್ತಿತ್ತು.

ಸಂಸ್ಕರಣೆ

ಉರುಳಿಸಿದ ಮರದ ಕೊಂಬೆಗಳನ್ನು ಸವರಿ, ಕಾಂಡವನ್ನು ದಿಮ್ಮಿಗಳಾಗಿ ತುಂಡರಿಸಲಾಗುತ್ತಿತ್ತು. ಸರಪಳಿ ಅಥವಾ ಹಗ್ಗವನ್ನು ಪೋಣಿಸಲು ದಿಮ್ಮಿಯ ತುದಿಯಲ್ಲಿ ರಂಧ್ರ ಕೊರೆಯುತ್ತಿದ್ದರು. ಒಡೆತನವನ್ನು ಗುರುತಿಸಲು ಸುತ್ತಿಗೆಯಿಂದ ಮುದ್ರೆ ಒತ್ತುವುದು ರೂಢಿಯಾಗಿತ್ತು. ಹಲಗೆ ಕೊಯ್ಯಬೇಕಾದಲ್ಲಿ ದಿಮ್ಮಿಯನ್ನು ಗುಂಡಿಯ ಮೇಲೆ ಇರಿಸಿ, ಒಬ್ಬರು ಮೇಲೂ ಇನ್ನೊಬ್ಬರು ಗುಂಡಿಯ ಒಳಗೂ ನಿಂತು ಉದ್ದನೆಯ ಗರಗಸವನ್ನು ಎಳೆಯುತ್ತಿದ್ದರು.

ಸಾಗಣೆ

ಆನೆಗಳು ದಿಮ್ಮಿಗಳನ್ನು ಹಳ್ಳದ ಪಾತ್ರದವರೆಗೆ ಎಳೆದು ತರುತ್ತಿದ್ದವು. ಮಳೆಗಾಲದ ನೆರೆ ಬಂದಾಗ ದಿಮ್ಮಿಗಳು ತೇಲಿ ಹೋಗುತ್ತಿದ್ದವು; ಮಳೆ ಕಡಿಮೆಯಾದರೆ ಮುಂದಿನ ವರ್ಷದವರೆಗೂ ಅಲ್ಲಿಯೇ ಉಳಿಯುತ್ತಿದ್ದವು. ಒಂದಕ್ಕೊಂದು ಸಿಕ್ಕಿಕೊಂಡ ದಿಮ್ಮಿಗಳನ್ನು ಬಿಡಿಸುವುದು ಆನೆಗೂ ಮಾವುತನಿಗೂ ಅಪಾಯಕಾರಿ ಕೆಲಸವಾಗಿತ್ತು. ದೊಡ್ಡ ನದಿಯನ್ನು ಸೇರಿದ ಬಳಿಕ ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ, ಐರಾವತಿ ನದಿಯ ಮೂಲಕ ರಂಗೂನಿನತ್ತ ಸಾಗಿಸಲಾಗುತ್ತಿತ್ತು. ಮಲಬಾರಿನಲ್ಲಿ ನಿಲಂಬೂರಿನ ನಾಟಾ ಚಾಲಿಯಾರ್ ನದಿಯ ಮೂಲಕ ಕೋಝಿಕ್ಕೋಡ್ ಬಳಿಯ ಕಲ್ಲಾಯಿಯ ಮಾರುಕಟ್ಟೆಗೆ ಬರುತ್ತಿತ್ತು. ಅದೇ ನದಿಯ ಮುಖಜದಲ್ಲಿರುವ ಬೇಪೂರು, 'ಉರು' ಎಂಬ ಮರದ ಹಡಗುಗಳ ನಿರ್ಮಾಣಕ್ಕೆ ಹೆಸರಾಗಿದೆ.

ಕಾನೂನು

ಪ್ರವಾಹದಲ್ಲಿ ಚದುರಿದ ದಿಮ್ಮಿಗಳ ಒಡೆತನ ವಿವಾದಕ್ಕೆ ಕಾರಣವಾಗುತ್ತಿತ್ತು. 1927ರ ಭಾರತೀಯ ಅರಣ್ಯ ಕಾಯ್ದೆಯ 45ನೆಯ ಕಲಮಿನಂತೆ, ತೇಲಿ ಬಂದ ಅಥವಾ ದಡ ಸೇರಿದ ನಾಟಾವನ್ನು, ಯಾರಾದರೂ ತಮ್ಮ ಹಕ್ಕನ್ನು ಸಾಬೀತುಪಡಿಸುವವರೆಗೆ, ಸರ್ಕಾರದ ಸ್ವತ್ತೆಂದು ಪರಿಗಣಿಸಲಾಗುತ್ತದೆ. ಗುರುತಿನ ಮುದ್ರೆ ಅಳಿಸಿಹೋದ ನಾಟಾಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಅವನತಿ

ರೈಲು, ರಸ್ತೆ ಮತ್ತು ಅಣೆಕಟ್ಟುಗಳ ನಿರ್ಮಾಣದೊಂದಿಗೆ ಜಲಮಾರ್ಗದ ಸಾಗಣೆ ಕ್ಷೀಣಿಸಿತು. ಅರಣ್ಯ ಸಂರಕ್ಷಣೆಯ ನಿಯಮಗಳು ಬಿಗಿಯಾದಂತೆ ಮರ ಕಡಿಯುವುದೂ ಕಡಿಮೆಯಾಯಿತು. ಹಿಂದೆ ನಾಟಾ ಎಳೆಯಲು ಬಳಸುತ್ತಿದ್ದ ಆನೆಗಳ ಶಿಬಿರವಾಗಿದ್ದ ಕೊಡಗಿನ ದುಬಾರೆ ಇಂದು ಪ್ರವಾಸಿ ತಾಣವಾಗಿದೆ.