ಮೋಂಮಾರ್ತ್ರದ ಇರುಳು

ಪ್ಯಾರಿಸ್ ನಗರದ ಉತ್ತರ ಭಾಗದಲ್ಲಿ ಮೋಂಮಾರ್ತ್ರವೆಂಬ ಗುಡ್ಡವುಂಟು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಆ ಗುಡ್ಡದ ಬುಡದ ಬೀದಿಗಳಲ್ಲಿ ರಾತ್ರಿಯ ಕ್ಲಬ್ಬುಗಳು ಒಂದರ ಮಗ್ಗುಲಲ್ಲಿ ಒಂದು ತಲೆಯೆತ್ತಿದುವು. ಅಲ್ಲಿ ನೆರೆಯುತ್ತಿದ್ದ ಪರದೇಶದವರಲ್ಲಿ ಅಮೆರಿಕದ ಪ್ರವಾಸಿಗಳದು ದೊಡ್ಡ ಗುಂಪು. ಕಾರಣವನ್ನು ದೂರ ಅರಸಬೇಕಾಗಿಲ್ಲ. 1920ರಿಂದ 1933ರ ವರೆಗೆ ಅವರ ದೇಶದಲ್ಲಿ ಮದ್ಯಕ್ಕೆ ನಿಷೇಧವಿದ್ದಿತು. ಇತ್ತ ಫ್ರಾನ್ಸಿನ ನಾಣ್ಯದ ಬೆಲೆ ಇಳಿದು ಹೋಗಿದ್ದಿತು. 1914ರಲ್ಲಿ ಡಾಲರೊಂದಕ್ಕೆ 5 ಫ್ರಾಂಕು ಸಿಕ್ಕುತ್ತಿದ್ದರೆ 1926ರ ಜುಲೈಯಲ್ಲಿ ಸುಮಾರು 50 ಸಿಕ್ಕಿತು. ಸ್ವಂತ ಊರಿನಲ್ಲಿ ಸಾಧಾರಣ ಗೃಹಸ್ಥನೆನಿಸಿದವನೂ ಇಲ್ಲಿ ಶ್ರೀಮಂತನಂತೆ ಷಾಂಪೇನು ತರಿಸಿ ಕುಳಿತುಕೊಳ್ಳಬಹುದಾಗಿತ್ತು.

ಕುಡಿತವಲ್ಲದೆ ಇನ್ನೊಂದು ಆಕರ್ಷಣೆ ಜ್ಯಾಸ್ ಸಂಗೀತ. ಅದನ್ನು ಅಲ್ಲಿಗೆ ತಂದವರು ಅಮೆರಿಕದ ಕಪ್ಪುಜನರು. ಜಾರ್ಜಿಯಾದಲ್ಲಿ ಹುಟ್ಟಿ, 1917ರಲ್ಲಿ ಫ್ರೆಂಚರ ಪರವಾಗಿ ಯುದ್ಧವಿಮಾನ ನಡೆಸಿದ ಯೂಜೀನ್ ಬುಲ್ಲರ್ಡನು 'ಗ್ರಾಂ ದ್ಯುಕ್' ಎಂಬ ಕ್ಲಬ್ಬಿನ ವ್ಯವಸ್ಥಾಪಕನಾದನು. 1924ರಲ್ಲಿ ಹಾಡಲೆಂದು ಅಲ್ಲಿಗೆ ಬಂದ ಏಡಾ ಸ್ಮಿತ್, ಕೆಂಗೂದಲಿನ ದೆಸೆಯಿಂದ 'ಬ್ರಿಕ್‌ಟಾಪ್' ಎಂದು ಹೆಸರಾದವಳು, ಆ ಕೋಣೆಯ ಕಿರಿದನ್ನು ಕಂಡು ಅತ್ತಳಂತೆ. ಆಕೆಗೆ ಊಟವಿತ್ತು ಸಮಾಧಾನ ಹೇಳಿದ ಅಡುಗೆಮನೆಯ ಆಳು ಯಾರೆಂದರೆ, ಮುಂದೆ ಕವಿಯೆಂದು ಖ್ಯಾತನಾದ ಲ್ಯಾಂಗ್‌ಸ್ಟನ್ ಹ್ಯೂಸ್. ಅದೇ ಬೀದಿಗಳಲ್ಲಿ ಬ್ರಿಕ್‌ಟಾಪಳು ಬಳಿಕ ತನ್ನ ಹೆಸರಿನದೇ ಕ್ಲಬ್ಬನ್ನು ತೆರೆದಳು.

ಇಂತಹ ಕಡೆ ವರ್ಣದ ತಂಟೆ ಹೇಗೆ ಬಂದಿತೆಂದು ಕೇಳಬಹುದು. ಬಂದಿತು, ಪ್ರವಾಸಿಗಳ ಪೆಟ್ಟಿಗೆಯೊಡನೆ ಬಂದಿತು. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ 1923ರಲ್ಲಿ ಪ್ರಾರಂಭವಾದ 'ಕಾಟನ್ ಕ್ಲಬ್' ಎಂಬಲ್ಲಿ ವೇದಿಕೆಯ ಮೇಲೆ ಕುಣಿಯುವವರೂ ನುಡಿಸುವವರೂ ಕಪ್ಪುಜನರು. ಎದುರಿಗೆ ಕುಳಿತು ನೋಡುವವರು ಬಿಳಿಯರು. ಆ ಏರ್ಪಾಡಿಗೆ ಒಗ್ಗಿದವರು ಪ್ಯಾರಿಸಿನಲ್ಲಿಯೂ ಅದನ್ನೇ ಬಯಸಿದರು. ಅದೇ ವರ್ಷದ ಬೇಸಗೆಯಲ್ಲಿ ಮೋಂಮಾರ್ತ್ರದ ಒಂದು ಕ್ಲಬ್ಬಿನಿಂದ, ಅಮೆರಿಕದ ಗಿರಾಕಿಗಳ ಒತ್ತಾಯದ ಮೇರೆಗೆ, ಕೋಜೋ ತೊವಾಲು ಹುಯೆನೂ ಎಂಬಾತನನ್ನು ಹೊರದೂಡಿದರು. ಆತನು ಆಫ್ರಿಕದ ದಹೋಮೆಯವನು, ನ್ಯಾಯಶಾಸ್ತ್ರ ಓದಿದವನು, ಯುದ್ಧದಲ್ಲಿ ಫ್ರಾನ್ಸಿಗೆ ಸೇವೆ ಸಲ್ಲಿಸಿದವನು.

ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಪರದೇಶದ ಪ್ರವಾಸಿಗಳು ತಾವು ಅತಿಥಿಗಳೆಂಬುದನ್ನು ಮರೆಯಬಾರದು, ಈ ದೇಶದ ನಡೆವಳಿಕೆಗೂ ಕಾನೂನಿಗೂ ಮನ್ನಣೆ ಕೊಡಬೇಕು ಎಂದು ಪ್ವಾಂಕರೆಯ ಸರಕಾರವು ಎಚ್ಚರಿಸಿತು. ಮಾತೇನೋ ಸೊಗಸಾಗಿದೆ. ಆದರೆ ನಾವು ಅದಕ್ಕೆ ಪೂರ್ತಿ ತಲೆದೂಗಲಾರೆವು. ಹುಯೆನೂವಿನ ತಾಯ್ನಾಡಾದ ದಹೋಮೆಯಲ್ಲಿ ಅದೇ ಸರಕಾರದ ಅಧಿಕಾರಿಗಳು ವಿಚಾರಣೆಯಿಲ್ಲದೆಯೇ ಪ್ರಜೆಗಳನ್ನು ಶಿಕ್ಷಿಸಬಹುದಾಗಿತ್ತು. ಅಲ್ಲಿ ಅತಿಥಿ ಯಾರು, ಮನೆಯೊಡೆಯ ಯಾರು?

ಹುಯೆನೂ ಈ ಪ್ರಶ್ನೆಯನ್ನು ಬಿಡಲಿಲ್ಲ. ಅದುವರೆಗೆ ಪ್ಯಾರಿಸಿನ ವಿಲಾಸಿ ಸಮಾಜದಲ್ಲಿ ಸುಖವಾಗಿದ್ದವನು 1924ರಲ್ಲಿ ಕಪ್ಪುಜನರ ಹಕ್ಕುಗಳಿಗಾಗಿ ಒಂದು ಸಂಘವನ್ನೂ 'ಲೆ ಕೋಂತಿನಾಂ' ಎಂಬ ಪತ್ರಿಕೆಯನ್ನೂ ಹುಟ್ಟುಹಾಕಿದನು. ಅದೇ ವರ್ಷ ಅಮೆರಿಕಕ್ಕೆ ಹೋಗಿ ಮಾರ್ಕಸ್ ಗಾರ್ವೆಯ ಮಹಾಸಭೆಯಲ್ಲಿ ಭಾಷಣ ಮಾಡಿದನು. ಪತ್ರಿಕೆಯು ಬಹುಕಾಲ ಬಾಳಲಿಲ್ಲ. ಆತನು 1936ರಲ್ಲಿ ಡಕಾರಿನಲ್ಲಿ ತೀರಿಕೊಂಡನು.