ದೋಷವು ಲಕ್ಷಣವಾದ ಬಗೆ: ಶಿಶುಗಳ ಶ್ವಾಸಕೋಶದ ಧ್ವನಿಪರೀಕ್ಷೆಯ ಚರಿತ್ರೆ

ಹೃದಯದ ಶಸ್ತ್ರಚಿಕಿತ್ಸೆಯಾದ ಹಸುಗೂಸಿನ ಶ್ವಾಸಕೋಶವನ್ನು ಅಲ್ಟ್ರಾಸೌಂಡ್ ಎಂಬ ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸುವ ಪದ್ಧತಿಯು ಈಚಿನದು. ಆದರೆ ಅದಕ್ಕೆ ಬೇಕಾದ ಯಂತ್ರವು ಈಚಿನದಲ್ಲ. ಯಂತ್ರವಿದ್ದೂ ವಿದ್ಯೆಯು ತಡವಾಗಿ ಬಂದುದೇಕೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಇಂತಹ ವಿಳಂಬವು ವೈದ್ಯಚರಿತ್ರೆಯಲ್ಲಿ ಅಪೂರ್ವವಲ್ಲ. ವಿಯೆನ್ನಾ ನಗರದ ಔಎನ್‌ಬ್ರುಗ್ಗರನು ಎದೆಯನ್ನು ಬೆರಳಿನಿಂದ ತಟ್ಟಿ, ನಾದಭೇದದಿಂದ ಒಳಗಿನ ನೀರನ್ನು ತಿಳಿಯುವ ಕ್ರಮವನ್ನು ೧೭೬೧ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದನು. ವಿದ್ವಾಂಸರು ಬಹುಮಟ್ಟಿಗೆ ಅದನ್ನು ಉಪೇಕ್ಷಿಸಿದರು. ೧೮೦೮ರಲ್ಲಿ ಕೊರ್ವಿಸಾರನು ಆ ಗ್ರಂಥವನ್ನು ಫ್ರೆಂಚಿಗೆ ಪರಿವರ್ತಿಸಿದ ಮೇಲೆಯೇ ಅದಕ್ಕೆ ಮನ್ನಣೆ ದೊರೆಯಿತು. ೧೮೧೬ರಲ್ಲಿ ಲೆನೆಕ್ಕನ ಶ್ರವಣನಳಿಕೆಯೂ, ೧೮೯೫ರಲ್ಲಿ ರಾಂಟ್ಜೆನ್ನನ ಕ್ಷಕಿರಣವೂ ಹುಟ್ಟಿದುವು.

ಇತ್ತ ಮಕ್ಕಳ ಹೃದಯಚಿಕಿತ್ಸೆಯು ಬೆಳೆಯುತ್ತಿದ್ದಿತು. ೧೯೩೮ರಲ್ಲಿ ಬಾಸ್ಟನ್ನಿನ ಗ್ರಾಸನು ಹೃದಯದ ಬಳಿ ಮುಚ್ಚದೆ ಉಳಿದಿದ್ದ ರಕ್ತನಾಳವೊಂದನ್ನು ಬಿಗಿದನು. ೧೯೪೪ರಲ್ಲಿ ಬಾಲ್ಟಿಮೋರಿನಲ್ಲಿ ಬ್ಲೇಲಾಕ್, ಟೌಸಿಗ್, ಥಾಮಸ್ ಎಂಬ ಮೂವರ ಪ್ರಯತ್ನದಿಂದ ನೀಲಿಗಟ್ಟಿದ ಶಿಶುವಿಗೆ ಚಿಕಿತ್ಸೆ ನಡೆಯಿತು. ೧೯೫೩ರಲ್ಲಿ ಗಿಬ್ಬನ್ನನ ಹೃದಯ-ಶ್ವಾಸಕೋಶ ಯಂತ್ರವು ಸಫಲವಾಯಿತು. ಆದರೆ ಹೃದಯವು ಸರಿಹೋದ ಮಾತ್ರಕ್ಕೆ ಅಪಾಯವು ತೀರಲಿಲ್ಲ. ಶ್ವಾಸಕೋಶದಲ್ಲಿ ನೀರು ಸೇರುವುದು, ಅದರ ಭಾಗವು ಕುಸಿಯುವುದು, ಸುತ್ತಲೂ ಗಾಳಿ ಸಿಕ್ಕಿಕೊಳ್ಳುವುದು, ನರಕ್ಕೆ ಪೆಟ್ಟಾಗಿ ವಪೆಯು ನಿಶ್ಚೇಷ್ಟವಾಗುವುದು, ಇವೆಲ್ಲ ಸಂಭವಿಸುತ್ತಿದ್ದುವು. ಮಾತು ಬಾರದ ಶಿಶುವು ತನ್ನ ಬಾಧೆಯನ್ನು ಹೇಳಲಾರದು; ಮತ್ತೆ ಮತ್ತೆ ಕ್ಷಕಿರಣಕ್ಕೆ ಅದನ್ನು ಒಡ್ಡಬೇಕಾಗುತ್ತಿತ್ತು.

ಅದೇ ೧೯೫೩ರಲ್ಲಿಯೇ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹೆರ್ಟ್ಸ್ ಎಂಬವರು ಶ್ರವಣಾತೀತ ಧ್ವನಿಯಿಂದ ಹೃದಯದ ಚಲನೆಯನ್ನು ಗುರುತಿಸಿದ್ದರು. ಮುಂದೆ ಎದೆಗೂಡಿನ ನೀರನ್ನು ಕಾಣುವುದಕ್ಕೂ ಆ ಧ್ವನಿಯು ಒದಗಿತು. ಆದರೆ ಗಾಳಿಯು ಧ್ವನಿಯನ್ನು ಹಿಂದಕ್ಕೆ ಎಸೆಯುವುದರಿಂದ ಶ್ವಾಸಕೋಶವು ಅದಕ್ಕೆ ಅಗೋಚರವೆಂಬ ಮತವೇ ಪ್ರಬಲವಾಗಿ ನಿಂತಿತು. ತೆರೆಯಲ್ಲಿ ತೋರುವ ಗೆರೆಗಳು ಬರಿಯ ದೋಷಗಳೆನಿಸಿದುವು.

ಈ ದೋಷವನ್ನೇ ಲಕ್ಷಣವೆಂದು ಓದಿದವರಲ್ಲಿ ಫ್ರಾನ್ಸಿನ ಡೇನಿಯಲ್ ಲಿಖ್ಟೆನ್‌ಸ್ಟೈನನು ಮುಖ್ಯನು. ೧೯೯೭ರಲ್ಲಿ ಆತನೂ ಸಹಚರರೂ ಧೂಮಕೇತುವಿನ ಬಾಲದಂತಹ ಲಂಬರೇಖೆಗಳು ಶ್ವಾಸಕೋಶದ ನೀರನ್ನು ಸೂಚಿಸುವುವೆಂದು ತೋರಿಸಿದರು. ಸಮಾನಾಂತರದಲ್ಲಿ ಪುನರಾವರ್ತಿಸುವ ಅಡ್ಡಗೆರೆ ಗಾಳಿಯ ಗುರುತು; ಕೆಳಕ್ಕಿಳಿಯುವ ‘ಬಿ-ರೇಖೆ’ ನೀರಿನ ಗುರುತು. ೨೦೧೨ರಲ್ಲಿ ಅಂತಾರಾಷ್ಟ್ರೀಯ ತಜ್ಞಮಂಡಲಿಯು ಈ ವಿದ್ಯೆಗೆ ನಿಯಮಗಳನ್ನು ಪ್ರಕಟಿಸಿತು.

ಶಿಶುಗಳಿಗೆ ಇದು ವಿಶೇಷವಾಗಿ ಹೊಂದುವುದು. ಅವುಗಳ ಎದೆಯ ಗೋಡೆ ತೆಳುವು. ಎಲುಬುಗಳು ಪೂರ್ಣವಾಗಿ ಗಟ್ಟಿಯಾಗಿಲ್ಲ. ತೊಟ್ಟಿಲಿನಿಂದ ಎತ್ತದೆಯೇ, ವಿಕಿರಣವಿಲ್ಲದೆಯೇ, ವಪೆಯ ಚಲನೆಯನ್ನು ಸಹ ಕಣ್ಣಾರೆ ನೋಡಬಹುದು.

ಆದರೂ ತರ್ಕಶಾಸ್ತ್ರದ ಎಚ್ಚರವು ಇಲ್ಲಿ ಅವಶ್ಯಕ. ಹೊಗೆಯಿಂದ ಬೆಂಕಿಯನ್ನು ಊಹಿಸುವಾಗ ಮಂಜನ್ನು ಹೊಗೆಯೆಂದು ಭ್ರಮಿಸಬಾರದಷ್ಟೆ. ಬಿ-ರೇಖೆಯು ಹೃದಯದ ದೌರ್ಬಲ್ಯದಿಂದಲೂ ಬರಬಹುದು, ಸೋಂಕಿನಿಂದಲೂ ಬರಬಹುದು, ಅದೊಂದೇ ಹೇತುವಲ್ಲ. ಗಾಯದ ಕಟ್ಟುಗಳೂ ಚರ್ಮದಡಿಯ ಗಾಳಿಯೂ ದೃಷ್ಟಿಯನ್ನು ತಡೆಯುವುವು. ಆದುದರಿಂದ ಕ್ಷಕಿರಣವು ನಿರುಪಯುಕ್ತವಾಗಿಲ್ಲ, ವಿರಳವಾಗಬಲ್ಲುದು ಮಾತ್ರ.

ಔಎನ್‌ಬ್ರುಗ್ಗರನಿಂದ ಕೊರ್ವಿಸಾರನವರೆಗೆ ೪೭ ವರ್ಷಗಳು; ಲುಂಡ್ ನಗರದ ಪ್ರಯೋಗದಿಂದ ೧೯೯೭ರವರೆಗೆ ೪೪ ವರ್ಷಗಳು. ಎರಡೆಡೆಯಲ್ಲಿಯೂ ಸಾಧನದ ಕೊರತೆಯಿರಲಿಲ್ಲ. ಎದುರಿಗಿದ್ದುದನ್ನು ಓದುವವರ ಕೊರತೆಯಿತ್ತು. ಆ ಕೊರತೆಯ ಬೆಲೆಯನ್ನು ತೆತ್ತವರು ರೋಗಿಗಳು.