ಒಸಡಿನ ಸರದಿ

ಎಡತೊರೆಯ ಹೆಸರು ಹಿಂದೆ ಸರಿದು ಕೃಷ್ಣರಾಜನಗರವೆಂಬ ಹೆಸರು ನೆಲೆಗೊಂಡ ನಾಡಿನಲ್ಲಿ, ಮಿರ್ಲೆಯ ಬತ್ತದ ಬಯಲಿನ ಹಿರಿಯರು ಎಲೆಅಡಿಕೆ, ಕಡ್ಡಿಪುಡಿಗಳ ದೀರ್ಘ ಸಹವಾಸದಲ್ಲಿ ಸಡಿಲಗೊಂಡ ಹಲ್ಲನ್ನು ಕೀಳಿಸಿ, ಅನುಕೂಲವಿದ್ದರೆ ‘ಸೆಟ್ಟು’ ಕಟ್ಟಿಸಿಕೊಂಡು, ಇಲ್ಲದಿದ್ದರೆ ಬೊಚ್ಚುಬಾಯಿಯಲ್ಲೇ ಬಾಳನ್ನು ನಡೆಸಿದರು. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದುದು 1958ರಲ್ಲಿ. ಮೈಸೂರಿನಲ್ಲಿ ಜೆಎಸ್‌ಎಸ್ ದಂತವೈದ್ಯ ಕಾಲೇಜು ತೆರೆದುದು 1986ರಲ್ಲಿ. ಆದುದರಿಂದ ಇಂಪ್ಲಾಂಟೆಂಬ ಲೋಹದ ಬೇರು ಈ ಸೀಮೆಯವರ ಕೈಗೆಟಕುವ ದೂರಕ್ಕೆ ಬಂದುದು ತೀರ ಈಚೆಗೆ.

ಲೋಹದ ಬೇರು ಹೊಸದಾದರೂ ಒಸಡಿನ ಚಿಂತೆ ಹಳೆಯದು. ಆಯುರ್ವೇದದ ಸುಶ್ರುತಸಂಹಿತೆಯು ಅರವತ್ತೈದು ಮುಖರೋಗಗಳನ್ನು ಗಣಿಸುವಾಗ ದಂತಕ್ಕೆ ಎಂಟನ್ನೂ ದಂತಮೂಲಕ್ಕೆ ಹದಿನೈದನ್ನೂ ಹೇಳಿರುವುದನ್ನು ಕಂಡಾಗ, ಪ್ರಾಚೀನರ ದೃಷ್ಟಿ ಹಲ್ಲಿಗಿಂತ ಅದನ್ನು ಹಿಡಿದ ಮಾಂಸದ ಮೇಲೆಯೇ ಹೆಚ್ಚು ನಿಂತಿತ್ತೆಂದು ನನಗೆ ತೋರುತ್ತದೆ. ಆಧುನಿಕರಿಗಾದರೋ ಮೊದಲ ಚಿಂತೆ ಎಲುಬಿನದು. ಸ್ವೀಡನ್ನಿನ ವೈದ್ಯವಿಜ್ಞಾನಿ ಬ್ರೋನೆಮಾರ್ಕರು 1950ರ ದಶಕದ ಆದಿಯಲ್ಲಿ ಮೊಲದ ಎಲುಬಿನೊಡನೆ ಟೈಟೇನಿಯಂ ಬೆಸೆದುಕೊಂಡುದನ್ನು ಕಂಡರು. 1965ರಲ್ಲಿ ಮನುಷ್ಯನ ದವಡೆಯಲ್ಲಿ ಅದನ್ನು ನೆಟ್ಟರು. 1982ರಲ್ಲಿ ಟೊರೊಂಟೊದಲ್ಲಿ ನಡೆದ ದಂತವೈದ್ಯರ ಸಮ್ಮೇಳನದ ಬಳಿಕ ಜಗತ್ತು ಅದನ್ನೊಪ್ಪಿತು. ಅಗಿಯಲು ಬಂದರೆ ಸಾಕೆಂಬ ಆ ಕಾಲ ಕಳೆದು, ಮುಂದಿನ ಹಲ್ಲೊಂದನ್ನು ನಗೆಯೊಳಗೆ ನಿಲ್ಲಿಸಬೇಕಾದಾಗಲೇ ಒಸಡಿನ ಸರದಿ ಬಂದುದು.

ಸ್ವಂತ ಬೇರಿನ ಸುತ್ತ ಕಮಾನಿನಂತೆ ಏರಿಳಿಯುವ ಒಸಡು, ಇಂಪ್ಲಾಂಟಿನ ಮೇಲೆ ಬಿಗಿದ ದುಂಡು ಮುಚ್ಚಳದ ಸುತ್ತ ಬರಿಯ ವೃತ್ತವಾಗಿ ಮಾಯುತ್ತದೆ. ಆ ವೃತ್ತವನ್ನು ಹಲ್ಲಿನ ಕೊರಳಿನಾಕೃತಿಗೆ ತರುವ ಕೆಲಸ ತಾತ್ಕಾಲಿಕ ಕ್ರೌನಿನದು, ಎಂದರೆ ಇಂಪ್ಲಾಂಟಿನ ಮೇಲೆ ಕೂರಿಸುವ ಕೃತಕ ಹಲ್ಲಿನದು. ವೈದ್ಯನು ಅದನ್ನು ಕಳಚಿ, ಒಸಡಿನೊಳಗೆ ಅಡಗುವ ಭಾಗಕ್ಕೆ ತುಸುವೇ ರಾಳವನ್ನೇರಿಸಿ, ನುಣುಪುಗೊಳಿಸಿ ಮತ್ತೆ ತಿರುಪಿ ಕೂರಿಸಿದೊಡನೆ ಒಸಡು ಬಿಳಿಚುತ್ತದೆ. ಹತ್ತು ಹದಿನೈದು ನಿಮಿಷದೊಳಗೆ ಕೆಂಪು ಮರಳಿದರೆ ಒತ್ತಡ ಹಿತವೆಂದೂ, ಮರಳದಿದ್ದರೆ ರಾಳವನ್ನು ಸವೆಸಬೇಕೆಂದೂ ಅರ್ಥ. ಕೆಲವು ವಾರ ಕಳೆದು ಇನ್ನಷ್ಟು ರಾಳವನ್ನೇರಿಸುತ್ತಾನೆ. ಅವಸರಪಟ್ಟು ಹೆಚ್ಚು ಒತ್ತಿದರೆ ಒಸಡು ಹಿಂಜರಿದು ಲೋಹ ಇಣುಕುತ್ತದೆ. ಆದಕಾರಣ ಇಲ್ಲಿನ ತಾಳ್ಮೆಯನ್ನು ನಾನು ಕೈಚಳಕಕ್ಕಿಂತ ಮೇಲೆ ಎಣಿಸುತ್ತೇನೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಸೀಮೆಗೆ ನೆರೆಯಾದ ಈ ಊರುಗಳಲ್ಲಿ ಬೀಡಿ ಸಿಗರೇಟು ಬಿಡಿಸುವುದೂ ಚಿಕಿತ್ಸೆಯ ಅಂಗವೇ, ಏಕೆಂದರೆ ಹೊಗೆಯಿಂದ ಒಸಡಿನ ರಕ್ತಸಂಚಾರ ಕುಗ್ಗಿ ಮಾಯುವಿಕೆ ತಡವಾಗುತ್ತದೆ.

ಹೀಗೆ ತಿಂಗಳುಗಟ್ಟಲೆ ಪಳಗಿಸಿದ ಒಸಡು ಕ್ರೌನು ತೆಗೆದ ಕೆಲವೇ ನಿಮಿಷಗಳಲ್ಲಿ ಕುಸಿಯತೊಡಗುವುದರಿಂದ, ಆ ಕ್ರೌನಿನ ಅಡಿಭಾಗದ ಪಡಿಯಚ್ಚನ್ನು ಬಾಯಿಯ ಹೊರಗೇ ತೆಗೆದು, ಅಳತೆ ತೆಗೆಯಲು ಇಂಪ್ಲಾಂಟಿಗೆ ತಿರುಪುವ ಕಡ್ಡಿಗೆ ರಾಳದಿಂದ ಅದೇ ರೂಪವನ್ನಿತ್ತು, ಅದನ್ನು ಒಸಡಿನೊಳಗಿಟ್ಟು ಅಳತೆ ತೆಗೆಯುತ್ತಾರೆ. ಶಾಶ್ವತವಾದ ಪಿಂಗಾಣಿಯ ಹಲ್ಲು ಸಿದ್ಧವಾಗುವುದು ಆ ಅಳತೆಯ ಮೇಲೆ.